ಪ್ಲಾಸ್ಟರಿನ ಕೈಯೂ ಮಾಬುಬಿಯ ತೋಳೂ

ಉಣ್ಣಲು ಒಂದು ಕೈ ಸಾಕು. ಉಳಿದ ಎಲ್ಲದಕ್ಕೂ ಎರಡು ಬೇಕು.

ಈ ಜ್ಞಾನ ನನಗೆ ಬಂದದ್ದು ಹೋದ ತಿಂಗಳು, ನಮ್ಮ ಬಾಗೇವಾಡಿ ಮನೆಯ ಹಿತ್ತಿಲಲ್ಲಿ ಕಾಲು ಜಾರಿ ಬಿದ್ದಾಗ. ಎಡಗೈ ಮಣಿಕಟ್ಟು ಮುರಿಯಿತು. (ಕಂಕುಳಲ್ಲಿದ್ದ ತಾಮ್ರದ ಕೊಡಕ್ಕೆ ಒಂದು ತಗ್ಗೂ ಬೀಳಲಿಲ್ಲ. ಶಿವ ದೊಡ್ಡವನು.)

ಡಾಕ್ಟರು ಪ್ಲಾಸ್ಟರ್ ಹಾಕಿ, "ಆರು ವಾರ ರೆಸ್ಟ್" ಎಂದರು. ರೆಸ್ಟ್! ರೊಟ್ಟಿ ಯಾರು ಬಡಿಯಬೇಕು? ಸೀರೆಯ ನಿರಿಗೆ ಯಾರು ಹಿಡಿಯಬೇಕು? ನಮ್ಮ ಯಜಮಾನರೇ? ಅವರು ಶಾಲಾ ಮಾಸ್ತರರು. ಚಹಾ ಕಾಸುವುದು ಹೇಗೆಂದು ಬೋರ್ಡಿನ ಮೇಲೆ ಬರೆದು ವಿವರಿಸಬಲ್ಲರು, ಕಾಸಲಾರರು.

ಹಾಗಾಗಿ ಹಿಂದಿನ ಓಣಿಯ ಮಾಬುಬಿ ಬಂದಳು. ನನಗೆ ಸ್ನಾನ ಮಾಡಿಸಿ, ಹೆರಳು ಹಾಕಿ, ಅಡುಗೆ ಮಾಡಿಡುವುದು ಅವಳ ಕೆಲಸ. ಬೆನ್ನು ಉಜ್ಜಿದಳೆಂದರೆ ತೊಗಲು ಕಿತ್ತು ಬರಬೇಕು.

"ಮಾಬುಬಿ, ನಾ ಎಮ್ಮಿ ಅಲ್ಲವ್ವಾ!"

"ಎಮ್ಮಿ ಆಗಿದ್ರ ಸುಮ್ನ ನಿಂದರತಿತ್ರಿ ಅಕ್ಕಾರ."

ಇನ್ನೊಂದು ಕೆಲಸಕ್ಕೂ ಎರಡು ಕೈ ಬೇಕಿತ್ತು: ಲಿಂಗಪೂಜೆ. ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡೇ ಪೂಜಿಸಬೇಕು. ಪ್ಲಾಸ್ಟರಿನ ಕೈಯನ್ನು ಅಂಗೈ ಮೇಲಾಗಿ ತಿರುವಿದರೆ ನೋವಿಗೆ ನಡುಗುತ್ತದೆ. ಲಿಂಗ ಜಾರಿದರೆ ಗತಿಯೇನು? ಪೂಜೆಯಾಗದೆ ನಾನು ತುತ್ತು ಮುಟ್ಟುವವಳಲ್ಲ. (ಎಷ್ಟು ಸಲ ಇದನ್ನು ಹೇಳಿದ್ದೇನೆಂದು ಓಣಿಯ ಹೆಂಗಸರನ್ನೇ ಕೇಳಿ.) ಯಜಮಾನರು ದಿನಾ ಕೆಳಗಿನಿಂದ ಕೈಗೆ ಆಸರೆ ಕೊಡುತ್ತಿದ್ದರು. ಕಣ್ಣು ಮಾತ್ರ ಗಡಿಯಾರದ ಮೇಲೆ. "ಲಗೂನ ಮುಗಸ, ಸಾಲಿಗೆ ಟೈಮ್ ಆತು." ದೇವರಿಗೆ ಎರಡೇ ನಿಮಿಷ!

ಕಳೆದ ವಾರ ಅವರು ಬೆಳಗಿನ ಬಸ್ಸಿಗೆ ಸಿಂದಗಿಗೆ ಹೋದರು. ಹತ್ತು ಗಂಟೆಯಾಯಿತು. ಒಳಗಿನಿಂದ ಬದನೆಕಾಯಿ ಪಲ್ಯದ ಘಮ. ನಾನು ವಿಭೂತಿ, ಹೂವು ಮುಂದಿಟ್ಟುಕೊಂಡು ಪ್ಲಾಸ್ಟರನ್ನೇ ನೋಡುತ್ತ ಕೂತಿದ್ದೆ. ಹೊಟ್ಟೆ ಚುರುಗುಟ್ಟುತ್ತಿತ್ತು.

ಮಾಬುಬಿ ಬಾಗಿಲಲ್ಲಿ ನಿಂತು ನೋಡಿದಳು. "ಅಕ್ಕಾರ, ನಾ ಹಿಡದ್ರ ನಡಿತೈತೇನ್ರಿ? ಲಿಂಗಪ್ಪನ್ನ ಮುಟ್ಟೂದಿಲ್ಲ. ಪ್ಲಾಸ್ಟರ್ ಅಷ್ಟ ಹಿಡಿತೇನಿ."

ನಮ್ಮ ಅತ್ತೆ ಇದ್ದಿದ್ದರೆ ಏನನ್ನುತ್ತಿದ್ದರೋ. ಆದರೆ ಪ್ಲಾಸ್ಟರಿನ ಬಗ್ಗೆ ಯಾವ ಶಾಸ್ತ್ರದಲ್ಲಿ ಬರೆದಿದೆ, ಹೇಳಿ? "ಹಿಡಿಯವ್ವಾ" ಎಂದೆ.

ಕೈಕಾಲು ತೊಳೆದು ಬಂದು ಎದುರಿಗೆ ಕೂತಳು. ಮುಖ ಗೋಡೆಯ ಕಡೆಗೆ. ಹಿಡಿತವೋ, ಕಲ್ಲುಕಂಬ! ಎಷ್ಟೋ ದಿನಗಳ ಮೇಲೆ ಪುರಸೊತ್ತು ಸಿಕ್ಕಿತ್ತು, ಬಿಟ್ಟೇನೆಯೇ? ಮುರಿದದ್ದು ಬಲಗೈ ಅಲ್ಲವಲ್ಲ ಎಂದು ಶರಣು ಹೇಳಿದೆ. ಇಂಡಿ ಊರಿನ ಅಕ್ಕನ ಮಗಳ ಲಗ್ನ, ಮುದ್ದೇಬಿಹಾಳದ ತಂಗಿಯ ಕೆಮ್ಮು, ಯಜಮಾನರ ಸಿಟ್ಟು, ಕೊನೆಗೆ ನನ್ನ ಹಸಿವು, ಎಲ್ಲವನ್ನೂ ಕಣ್ಣು ಮುಚ್ಚಿ, ಬಾಯಿಬಿಟ್ಟೇ ಅರಿಕೆ ಮಾಡಿಕೊಂಡೆ.

ಕಣ್ಣು ತೆರೆದಾಗ ಅರ್ಧ ಗಂಟೆಯಾಗಿತ್ತು. ಮಾಬುಬಿಯ ತೋಳು ಸಣ್ಣಗೆ ನಡುಗುತ್ತಿತ್ತು.

"ಮುಗೀತೇನ್ರಿ? ಇಷ್ಟೆಲ್ಲಾ ಕೇಳಿ ನಿಮ್ಮ ದೇವ್ರಿಗೆ ಸುಸ್ತಾಗಿರಬೇಕು."

ನಗುತ್ತಲೇ ಉಣ್ಣಲು ಕೂತೆ. ಮೊದಲ ತುತ್ತಿಗೇ ಮುಖ ಸಿಂಡರಿಸಿದೆ. "ಉಪ್ಪ ಹಾಕೂದ ಮರತೀಯಲ್ಲ! ರುಚಿ ನೋಡಬಾರದೇನ?" ದಿನಾ ಅಂಗೈಗೆ ಹನಿ ಹಾಕಿಕೊಂಡು ನೆಕ್ಕಿ ನೋಡುವವಳು ಅವಳು.

ಉಪ್ಪಿನ ಡಬ್ಬಿ ತಂದಿಡುತ್ತ ಅಂದಳು, "ಇವತ್ತ ನೋಡಾಕ ಬರೂದಿಲ್ರಿ. ನಿನ್ನಿ ಚಾಂದ್ ಕಂಡಿತಲ್ರಿ. ರೋಜಾ ಹಿಡದೇನಿ."

ರಂಜಾನಿನ ಮೊದಲ ಉಪವಾಸ. ನಸುಕಿನಿಂದ ಹನಿ ನೀರಿಲ್ಲ. ನನಗೆ ನೀರೆರೆದಿದ್ದಾಳೆ, ಒಲೆಯ ಮುಂದೆ ರೊಟ್ಟಿ ಬಡಿದಿದ್ದಾಳೆ, ಮೇಲೆ ಅರ್ಧ ಗಂಟೆ ನನ್ನ ಪ್ಲಾಸ್ಟರ್ ಹೊತ್ತಿದ್ದಾಳೆ.

"ಮೊದಲ ಯಾಕ ಹೇಳಲಿಲ್ಲ?"

"ನೀವು ಕಣ್ಣ ಮುಚ್ಚಿದ್ರಲ್ರಿ!"

ಬಾಯಿಯನ್ನೂ ಮುಚ್ಚಿಕೊಂಡು ಪಲ್ಯಕ್ಕೆ ಉಪ್ಪು ಬೆರೆಸಿಕೊಂಡೆ.

ಈಗ ದಿನಾ ಮಾಬುಬಿಯೇ ಕೈ ಹಿಡಿಯುತ್ತಾಳೆ. ಪೂಜೆ ಐದೇ ನಿಮಿಷ, ದೇವರೂ ಬೇಸರ ಮಾಡಿಕೊಂಡಂತಿಲ್ಲ. ಓಣಿಯಲ್ಲಿ ನನ್ನ ನೇಮದ ಮಾತು ಎತ್ತುವುದನ್ನೂ ಬಿಟ್ಟಿದ್ದೇನೆ. ಲಿಂಗ ನನ್ನ ಕೈಯಲ್ಲಿತ್ತು, ಸರಿ. ನನ್ನ ಕೈ ಯಾರ ಕೈಯಲ್ಲಿತ್ತು?