ಮಾವನ ಟ್ಯಾಕ್ಸಿಯ ಮಸಿ

ಈಗಿನ ಡೀಸೆಲ್ ಕಾರುಗಳು ಹೊಗೆಯ ದಾರಿಯಲ್ಲಿ ಮಸಿ ಕಟ್ಟಿತೆಂದರೆ ತಾವೇ ದೀಪ ಹಚ್ಚಿ ಹೇಳುತ್ತವೆ. ಎಂಬತ್ತರ ದಶಕದಲ್ಲಿ ನಾನು ಸಿಂಧನೂರಿನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದಾಗ ಆ ದೀಪದ ಕೆಲಸವನ್ನು ನನ್ನ ಮೂಗು, ಕಣ್ಣು, ಅಂಗೈ ಮಾಡುತ್ತಿದ್ದವು. ಹೊಗೆ ಕಪ್ಪಗಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ನೀಲಿ ಇದ್ದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದರೆ ಗಾಡಿಯ ಉಸಿರು ಸಲೀಸಾಗಿ ಬರುತ್ತಿದೆಯೋ ಇಲ್ಲವೋ ತಿಳಿಯುತ್ತಿತ್ತು. ಕೈ ಒಳ್ಳೆಯದಿತ್ತು, ಬಾಯಿ ಒಳ್ಳೆಯದಿರಲಿಲ್ಲ. ಇಂಜಿನ್ ಚಾಲೂ ಇಟ್ಟು ಹರಟೆ ಹೊಡೆಯುವ ಡ್ರೈವರುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. "ಡೀಸೆಲ್ ಏನು ನಿಮ್ಮಪ್ಪನ ಕಾಲುವ್ಯಾಗ ಹರಿದು ಬರತೈತೇನಲೇ? ಬಂದ್ ಮಾಡು!" ಎಂದು ಊರಿಗೇ ಕೇಳುವಂತೆ ಬೈಯುತ್ತಿದ್ದೆ.

ನನಗೆ ಪಾನಾ ಹಿಡಿದು ಬೋಲ್ಟು ಬಿಚ್ಚಲು ಕಲಿಸಿದವನು ನನ್ನ ಸೋದರಮಾವ, ಅವ್ವನ ಅಣ್ಣ. ಮಸ್ಕಿ ಮೇಲೆ ಲಿಂಗಸುಗೂರಿಗೆ ಡೀಸೆಲ್ ಟ್ಯಾಕ್ಸಿ ಓಡಿಸುತ್ತಿದ್ದ. ಪಾಳಿಗೆ ಹೊತ್ತಾಯಿತೆಂದು ಓಡಿಬರುವ ಹಟ್ಟಿ ಗಣಿಯ ಕೆಲಸಗಾರರನ್ನು ಸೈರನ್ ಆಗುವುದರೊಳಗೆ ಗೇಟಿಗೆ ಮುಟ್ಟಿಸುವ ಗಂಡಸು ತಾನೊಬ್ಬನೇ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ. ಮಕ್ಕಳಿರಲಿಲ್ಲ, ಅತ್ತೆ ತೀರಿಕೊಂಡಿದ್ದಳು. ಉಳಿದದ್ದು ಆ ಗಾಡಿ ಒಂದೇ. ಬಾನೆಟ್ಟಿಗೆ ಕುಂಕುಮ ಹಚ್ಚದೆ ಅವನು ಚಹಾ ಕುಡಿಯುತ್ತಿರಲಿಲ್ಲ.

ಒಂದು ಬೇಸಿಗೆ ಅವನು ಗ್ಯಾರೇಜಿಗೆ ಬಂದು, "ಅಳಿಯಾ, ಏರು ಬಂತಂದ್ರ ಗಾಡಿ ಏದುಸಿರು ಬಿಡಾಕತ್ತೈತಿ ನೋಡು" ಎಂದ. ಹಿಂದೆ ಕಪ್ಪು ಹೊಗೆ. ಏರ್ ಫಿಲ್ಟರ್ ಝಾಡಿಸಿದೆ, ನಾಜಲ್ ಬಿಚ್ಚಿದೆ, ಪಂಪು ನೋಡಿದೆ, ಎಲ್ಲ ಸರಿ ಇದ್ದವು. ಕೊನೆಗೆ ಇಂಜಿನ್ನಿನ ಬುಡದಲ್ಲಿ ಹೊಗೆಕೊಳವೆಯ ಬೋಲ್ಟು ಸಡಿಲಿಸಿ ಚಾಲೂ ಮಾಡಿದರೆ ಗಾಡಿ ಕಿವಿ ಹರಿಯುವಂತೆ ಅಬ್ಬರಿಸಿತು, ಆದರೆ ಜೀವ ಬಂತು. ಕಟ್ಟಿಕೊಂಡಿದ್ದು ಸೈಲೆನ್ಸರ್. ಅದನ್ನು ಬಿಚ್ಚಿ ಹತ್ತಿಕಟ್ಟಿಗೆಯ ಬೆಂಕಿಯಲ್ಲಿ ಸುಟ್ಟು ಸುತ್ತಿಗೆಯಿಂದ ಬಡಿದಾಗ ಬುಟ್ಟಿಗಟ್ಟಲೆ ಮಸಿ ಉದುರಿತು.

"ಮಾವಾ, ಜೋರು ಓಡೋ ಗಾಡ್ಯಾಗ ಇಷ್ಟು ಮಸಿ ಕೂಡಂಗಿಲ್ಲ."

"ಡೀಸೆಲ್ಲೇ ಹೊಲಸು ಬರಾಕತ್ತೈತಿ ಬಿಡು."

ಮಾವನ ಮಾತು ನಂಬಿ ಬಂಕಿನವನ ಮೇಲೆ ಜಗಳಕ್ಕೆ ಹೋದೆ. "ಎಲ್ಲಾರ ಗಾಡಿಗೂ ಇದೇ ಡೀಸೆಲ್ ರೀ. ನಿಮ್ಮ ಮಾವಗ ಒಬ್ಬರಿಗೇ ಯಾಕ ಹಿಂಗ?" ಎಂದು ಅವನು ಕೇಳಿದ. ಮಳೆಗಾಲ ಮುಗಿಯುವುದರೊಳಗೆ ಸೈಲೆನ್ಸರ್ ಮತ್ತೆ ಕಟ್ಟಿತು. ಆ ಹೊತ್ತಿಗೆ ಮಾವ ಹಟ್ಟಿಗೆ ಬಾಡಿಗೆ ಹೊಡೆಯುವುದನ್ನೇ ಬಿಟ್ಟಿದ್ದ. ನಾನು ಮತ್ತೆ ಮಸಿ ಸುಟ್ಟು, "ಈ ಸಲ ನಿನ್ನ ಕೂಡ ಬರ್ತೀನಿ" ಎಂದು ಮರುದಿನ ಬೆಳಿಗ್ಗೆ ಖಾಲಿ ಗಾಡಿಯಲ್ಲಿ ಪಕ್ಕಕ್ಕೆ ಕೂತೆ. ಅವನಿಗೆ ಅದು ಇಷ್ಟವಿರಲಿಲ್ಲ.

ಊರು ದಾಟಿದರೂ ಮಾವ ಎರಡನೇ ಗೇರು ಬಿಡಲಿಲ್ಲ. ಭತ್ತ ಹೇರಿದ ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಹಟ್ಟಿಯ ಸೈರನ್ನಿಗೆ ಸವಾಲು ಹಾಕಿದವನ ಗತಿಯೇ ಇದು ಎಂದು ಚೇಷ್ಟೆ ಮಾಡಬೇಕೆನ್ನುವಷ್ಟರಲ್ಲಿ ಅವನು ಗಕ್ಕನೆ ಬ್ರೇಕು ಹಾಕಿದ. ಹಾರನ್ ಹೊಡೆದ. ನಿಂತ.

"ಯಾಕ ಮಾವಾ?"

"ದನಾ ದಾಟಲಿ ತಡಿ."

ದನ ಇರಲಿಲ್ಲ. ರಸ್ತೆಗೆ ಅಡ್ಡವಾಗಿ ಒಂದು ಬೇವಿನ ಮರದ ನೆರಳು ಬಿದ್ದಿತ್ತು, ಅಷ್ಟೇ.

ಕೆಟ್ಟಿದ್ದು ಮಾವನ ಕಣ್ಣು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಇಷ್ಟು ದಿನ ನಾನು ಗಾಡಿಯನ್ನು ಸುಟ್ಟಿದ್ದೆ.

"ಯಾವಾಗಿಂದ?" ಎಂದು ಕೇಳಿದೆ. ಮಾವ ಸ್ಟೇರಿಂಗ್ ಬಿಡದೆ ಹೇಳಿದ. "ಹೋದ ವರ್ಷದಿಂದ. ರಾಯಚೂರಾಗ ತೋರಿಸೀನಿ. ಕಣ್ಣಿನ ನರಾ ಒಣಗ್ಯಾವಂತ, ಚಷ್ಮಾಕ್ಕೂ ಬಗ್ಗಂಗಿಲ್ಲಂತ. ಯಾರ ಮುಂದೂ ಅನಬ್ಯಾಡ. ಮೆಲ್ಲಕ ಹೊಡೀತೀನಿ. ಈ ದಾರಿ ನನಗ ಬಾಯಿಪಾಠ ಐತಿ."

"ದಾರಿ ಬಾಯಿಪಾಠ ಐತಿ. ದಾರ್ಯಾಗ ಓಡಿ ಬರೋ ಹುಡುಗ್ರು ಬಾಯಿಪಾಠ ಅದಾರೇನು? ನಾಳಿ ಸಂತೆಕಲ್ಲೂರಿನ ಹೆಣ್ಮಕ್ಕಳು ಕೂಸು ಕಟ್ಟಿಕೊಂಡು ಹಿಂದ ಕೂಡ್ತಾರ. ಅವ್ರಿಗೆ ಏನ್ ಹೇಳ್ತಿ?"

ಕಟುವಾಗಿಯೇ ಆಡಿದೆ. ಮೆತ್ತಗೆ ಆಡಿದ್ದರೆ ಅವನು ನನ್ನನ್ನು ಒಪ್ಪಿಸಿಬಿಡುತ್ತಿದ್ದ, ನಾನೂ ಒಪ್ಪಿಬಿಡುತ್ತಿದ್ದೆ. ನಾನು ರಸ್ತೆಯ ಕಡೆ ಮುಖ ಮಾಡಿ ಕೂತೆ. ಮಾವ ಬಾಗಿಲು ತೆಗೆದು ಇಳಿದು, ಗಾಡಿಯ ಮೂತಿಯನ್ನು ಸವರುತ್ತ ಬಳಸಿಕೊಂಡು ನನ್ನ ಕಡೆಗೆ ಬಂದ.

"ಸರಿ, ನೀ ಹೊಡಿ. ಲಿಂಗಸುಗೂರು ತನಾ ಟಾಪ್ ಗೇರಿನ್ಯಾಗ ಹೊಡಿ. ಉಳಿದ ಮಸಿ ಸುಡಲಿ."

ಹೊಡೆದೆ. ಇಂಜಿನ್ ಚೆನ್ನಾಗಿ ಕಾದರೆ ಒಳಗಿನ ಮಸಿ ತಾನೇ ಉರಿದು ಹೋಗುತ್ತದೆ, ಅದು ನನಗೆ ಅವನೇ ಕಲಿಸಿದ ಪಾಠ. ಮಾವ ಕಣ್ಣು ಮುಚ್ಚಿ, ಒಂದು ಕೈ ಕಿಟಕಿಯ ಹೊರಗೆ ಚಾಚಿ ಕೂತಿದ್ದ.

"ಹೊಗಿ ಹೆಂಗೈತಿ?"

ಕನ್ನಡಿಯಲ್ಲಿ ನೋಡಿದೆ. "ಕರ್ರಗ ಐತಿ."

ಮಸ್ಕಿ ದಾಟಿದ ಮೇಲೆ ಮತ್ತೆ ಕೇಳಿದ. "ಕಮ್ಮಿ ಆಗೈತಿ" ಎಂದೆ. ಲಿಂಗಸುಗೂರು ಹತ್ತಿರವಾದಾಗ ಮತ್ತೆ, "ಈಗ?"

"ಇಲ್ಲ ಮಾವಾ. ಹಿಂದ ರಸ್ತೆ ಸ್ವಚ್ಛ ಐತಿ."

"ಹಂಗಾರ ನಿಲ್ಲಿಸು."

ಬದಿಗೆ ನಿಲ್ಲಿಸಿದೆ. ಮಾವ ಇಳಿದು ಗಾಡಿಯ ಮೈಮೇಲೆ ಕೈ ಆಡಿಸುತ್ತ ಹಿಂದಕ್ಕೆ ಹೋದ. ಕುಕ್ಕರುಗಾಲಲ್ಲಿ ಕೂತು, ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದ.

"ಉಸಿರು ಚಲೋ ಐತಿ. ಈಗ ಮಾರಿಬಿಡಪಾ. ಮಸಿ ಕಟ್ಟಿದಾಗ ಮಾರಿದ್ರ ಜನಾ ನನ್ನ ಗಾಡಿಗೆ ಕೆಟ್ಟ ಹೆಸರಿಡ್ತಾರ."

ನನಗೆ ಅಳು ಬಂತು, ಸ್ಟೇರಿಂಗ್ ಹಿಡಿದುಕೊಂಡೇ ಅತ್ತೆ. ಮಾವ ಕೈ ತೆಗೆಯಲಿಲ್ಲ. ನಿಂತ ಗಾಡಿಯಲ್ಲಿ ಡೀಸೆಲ್ ಸುಮ್ಮನೆ ಸುಡುತ್ತಿತ್ತು. ಅವನು ಎದ್ದು ಬರುವ ತನಕ ನಾನು ಇಂಜಿನ್ ಬಂದ್ ಮಾಡಲಿಲ್ಲ.