ಅತ್ತೆಯ ಮೊಣಕಾಲಿಗೆ ಬಿಸಿಲು ತಂದ ಮನೆ

ಶಿಗ್ಗಾಂವಿಯ ನಮ್ಮ ಹಳೆಯ ಮನೆಯ ಹಿಂಗೋಡೆ ಮಳೆಗೆ ಕುಸಿದು ಮನೆ ಇರಲಾರದಂತಾದಾಗ ಮನೆಯವರೆಲ್ಲ ಹಣೆ ಚಚ್ಚಿಕೊಂಡರು. ನನಗೊಬ್ಬಳಿಗೆ ಒಳಗೊಳಗೇ ಖುಷಿ. ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಹಾಡಹಗಲಲ್ಲೇ ಚಿಮಣಿ ದೀಪ ಹಚ್ಚಿಕೊಂಡು ಅಕ್ಕಿ ಆರಿಸಬೇಕಾದ ಮನೆ ಅದು. ಚಳಿಗಾಲ ಬಂತೆಂದರೆ ಅತ್ತೆಯ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಅಂಗಳದಲ್ಲಿ ಬಿಸಿಲು ಸರಿದ ಹಾಗೆಲ್ಲ ಅವರೂ ಮಣೆ ಎಳೆದುಕೊಂಡು ಸರಿಯುತ್ತಿದ್ದರು. ಬಿಸಿಲು ಬೀದಿಗೆ ಇಳಿದ ಮೇಲೆ ಹಾದಿಹೋಕರೆದುರು ಕೂರಲು ನಾಚಿ, ಒಳಗೆ ಬಂದು ಒಲೆಯ ಮುಂದೆ ಹೊಗೆ ಕುಡಿಯುತ್ತ ಕೂರುವರು.

ಕೊಟ್ಟಿಗೆಯ ಒಂದು ಮಗ್ಗುಲಲ್ಲಿ ನಮ್ಮ ಸಂಸಾರ ಸಾಗಿತ್ತು. ಸಂಕ್ರಾಂತಿಯ ಹೊತ್ತಿಗೆ, ಹೊಸ ಮನೆ ಕಟ್ಟಲು ಸವಣೂರಿನಿಂದ ವಯಸ್ಸಾದ ಗೌಂಡಿಯೊಬ್ಬರು ಬಂದರು. ಮಾವ ಅವರಿಗೆ "ಮೊದಲ ಹೆಂಗಿತ್ತೋ ಹಂಗ ಕಟ್ರಿ" ಎಂದರು. ಚಹಾ ಕೊಡಲು ಬಂದ ನಾನು ಅಲ್ಲೇ ನಿಂತೆ. ಬಟ್ಟಲು ಕೆಳಗಿಟ್ಟು ಬಾಯಿ ಬಿಟ್ಟೆ.

"ಮಾವಾರ, ದಕ್ಷಿಣದ ಗ್ವಾಡಿಗೆ ದೊಡ್ಡ ಕಿಡಕಿ ಇಡಸ್ರಿ. ಥಂಡಿ ದಿನದಾಗ ಸೂರ್ಯಾ ಆ ಕಡೆ ವಾಲಿರ್ತಾನ. ಬಿಸಿಲು ತಾನ ಒಳಗ ಬರ್ತೈತಿ. ಅತ್ತ್ಯಾರು ಒಳಗ ಕುಂತ ಕಾಲು ಕಾಸ್ಕೋಬಹುದು."

ಮಾವ ಹುಬ್ಬೇರಿಸಿದರು. "ಬ್ಯಾಸಗ್ಯಾಗ ಏನ್ ಮಾಡೂದು? ನಾವೆಲ್ಲಾ ರೊಟ್ಟಿ ಹಂಗ ಬೇಯೂದೇನು?"

"ಬ್ಯಾಸಗ್ಯಾಗ ಬರಂಗಿಲ್ರಿ."

"ಸೂರ್ಯಾಗ ನೀ ಹೇಳಿ ಬಂದೀಯೇನ?"

ಎಲ್ಲರೂ ನಕ್ಕರು. ನನಗೂ ನಗು ಬಂತು. ಆದರೆ ಮಾತು ಬಿಡುವ ಮನಸ್ಸಾಗಲಿಲ್ಲ. ಹಾನಗಲ್ಲಿನಲ್ಲಿ ನನ್ನ ಅಪ್ಪ ಶಾಲಾ ಮಾಸ್ತರರು. ಅಂಗಳದಲ್ಲಿ ಕೋಲು ನೆಟ್ಟು, ಅದರ ನೆರಳು ಚಳಿಗಾಲದಲ್ಲಿ ಉದ್ದವಾಗುವುದನ್ನೂ ಬೇಸಿಗೆಯ ಮಧ್ಯಾಹ್ನ ಬುಡಕ್ಕೆ ಸೇರುವುದನ್ನೂ ನನಗೆ ತೋರಿಸಿದ್ದರು. ಅದನ್ನೇ ಇವರಿಗೂ ತೋರಿಸಬೇಕೆಂದುಕೊಂಡೆ.

ಮರುದಿನ ಕೆರೆಯ ಮಣ್ಣು ತಂದು, ಹಲಗೆಯ ಮೇಲೆ ಮೊಳದುದ್ದದ ಒಂದು ಮನೆ ಮಾಡಿದೆ. ದಕ್ಷಿಣಕ್ಕೆ ಕಿಟಕಿ, ಅದರ ಮೇಲೆ ಚಾಚಿದ ಸೂರು. ಒಳಗೆ ಕಾಲು ಚಾಚಿ ಕುಳಿತ ಒಂದು ಮಣ್ಣಿನ ಗೊಂಬೆ. ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟೆ. ಮಣ್ಣು ಒಣಗಿದ ಮೇಲೆ, ನಡುಮಧ್ಯಾಹ್ನದ ಹೊತ್ತಿಗೆ ಎಲ್ಲರನ್ನೂ ಅಂಗಳಕ್ಕೆ ಕರೆದೆ. ಅತ್ತೆ ಬಗ್ಗಿ ನೋಡಿ, "ಈ ಡುಮ್ಮಿ ನಾನೇನ?" ಎಂದರು. ಸಂಕ್ರಾಂತಿಯ ಬಿಸಿಲು ಸೂರಿನ ಕೆಳಗಿನಿಂದ ನುಗ್ಗಿ ಗೊಂಬೆಯ ಮೊಣಕಾಲಿನ ಮೇಲೆ ಬಿದ್ದಿತ್ತು.

"ಇದು ಈಗಿಂದಾತು. ಬ್ಯಾಸಗೀದು ತೋರ್ಸು" ಎಂದರು ಮಾವ.

ಹಲಗೆಯ ಹಿಂಬದಿಯನ್ನು ಮೆಲ್ಲಗೆ ಎತ್ತಲು ನನ್ನ ಗಂಡನಿಗೆ ಹೇಳಿದೆ. ಮನೆ ಸೂರ್ಯನ ಕಡೆ ಬಾಗುತ್ತಿದ್ದಂತೆ ಕಡ್ಡಿಯ ನೆರಳು ಗಿಡ್ಡವಾಗುತ್ತ ಬಂತು. ಅದು ಪೂರ್ತಿ ಮಾಯವಾದಾಗ, "ನಿಲ್ರಿ! ಈಗ ಸೂರ್ಯಾ ಮನಿ ನೆತ್ತಿಮ್ಯಾಲ ಅದಾನ. ಇದ ಬ್ಯಾಸಗಿ" ಎಂದೆ. ಒಳಗೆ ಗೊಂಬೆ ಸೂರಿನ ನೆರಳಲ್ಲಿ ತಣ್ಣಗೆ ಕುಳಿತಿತ್ತು.

ಗೌಂಡಿ ತೊಡೆ ತಟ್ಟಿಕೊಂಡು ಎದ್ದರು. "ಯಾ ಅಲ್ಲಾ! ನಲವತ್ತ ವರ್ಷ ಗ್ವಾಡಿ ಕಟ್ಟೇನಿ, ಮನೀನ ಎತ್ತಿ ಬ್ಯಾಸಗಿ ತರೂದು ಇವತ್ತ ನೋಡಿದ್ನಿ!" ಮಾವ ತಾವೇ ಹಲಗೆ ಹಿಡಿದು ನಾಲ್ಕು ಬಾರಿ ಎತ್ತಿ ಇಳಿಸಿ ನೋಡಿದರು. ಆಮೇಲೆ ಬಾಗಿಲು ಮಾತ್ರ ಪೂರ್ವಕ್ಕೇ ಇರಬೇಕೆಂದು ಹೇಳಿ ಒಪ್ಪಿದರು. ಪಡುವಣ ಗೋಡೆಗೆ ಕಿಟಕಿ ಬೇಡ, ಅದನ್ನು ಎರಡು ಮೊಳ ದಪ್ಪ ಕಟ್ಟಿದರೆ ಇಳಿಹೊತ್ತಿನ ಕಾವು ತಡೆಯುತ್ತದೆ ಎಂದವರು ಗೌಂಡಿ. ಅಟ್ಟದ ಮೇಲಿನ ಬೆಳಕಿಂಡಿಯ ಒಳಮೈಗೆ ಸುಣ್ಣ ಬಳಿದು ಬೆಳಕು ಇಮ್ಮಡಿ ಮಾಡಿದವರೂ ಅವರೇ.

ಮನೆ ಎದ್ದಿತು. ಬೇಸಿಗೆ ತಂಪಾಗಿ ಕಳೆಯಿತು. ಮಾರ್ಗಶಿರದ ಮೊದಲ ಚಳಿಗೆ ನಾವೆಲ್ಲ ಕಿಟಕಿಯ ಮುಂದೆ ಕಾದು ಕುಳಿತೆವು. ಬಿಸಿಲು ಒಳಗೆ ಬಂತು, ಹಾಸುಗಲ್ಲಿನ ಮೇಲೆ ಹರಿಯಿತು, ಅತ್ತೆ ಕುಳಿತಿದ್ದ ಹಗ್ಗದ ಹೊರಸಿಗೆ ಒಂದು ಗೇಣಿರುವಾಗ ನಿಂತುಬಿಟ್ಟಿತು. ಬಡಿಗ ಚೆಂದ ಕಾಣಲೆಂದು ಸೂರನ್ನು ಹೇಳಿದ್ದಕ್ಕಿಂತ ಉದ್ದ ಬಿಟ್ಟಿದ್ದ. ನನ್ನ ಕಣ್ಣಲ್ಲಿ ನೀರು ಬಂತು. ಅತ್ತೆ ನನ್ನನ್ನು ನೋಡಿ ಗೊಳ್ಳೆಂದು ನಕ್ಕರು.

"ಅಳ್ತಿ ಯಾಕ, ಹುಚ್ಚಿ? ಬೀದಿ ತನಕ ಮಣಿ ಎಳದಾಕಿ ನಾನು. ಗೇಣು ಹೊರಸು ಎಳಿಯಾಕ ಆಗೂದಿಲ್ಲೇನು?"

ಹೊರಸು ಸರಿಯಿತು. ಸೀರೆಯನ್ನು ಮೊಣಕಾಲ ತನಕ ಸರಿಸಿಕೊಂಡು ಅವರು ಕಣ್ಣು ಮುಚ್ಚಿ ಕುಳಿತರು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಅವರು ಹಗಲಲ್ಲಿ ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದೆ ಮಹಾಯುದ್ಧದ ದಿನಗಳಲ್ಲಿ ಸೀಮೆಎಣ್ಣೆ ಸಿಗುವುದೇ ಕಷ್ಟವಾದಾಗ, ಹಗಲೆಲ್ಲ ಬೆಳಕಿರುತ್ತಿದ್ದ ನಮ್ಮ ಪಡಸಾಲೆ ಓಣಿಯ ಹೆಂಗಸರಿಂದ ತುಂಬಿತು. ಕಾಳು ಆರಿಸುವುದು, ಕೌದಿ ಹೊಲಿಯುವುದು, ಹರಟೆ, ಎಲ್ಲ ಅಲ್ಲೇ. ಆ ಹರಟೆಯಲ್ಲೇ ನಮ್ಮ ಕಿಟಕಿಯ ಸುದ್ದಿ ಬಂಕಾಪುರದ ತನಕ ಹೋಯಿತು. ಅಲ್ಲಿ ಮನೆ ಕಟ್ಟಿಸುತ್ತಿದ್ದ ಅತ್ತೆಯ ತಮ್ಮ ನಮ್ಮಿಬ್ಬರಿಗೂ ಚಕ್ಕಡಿ ಗಾಡಿ ಕಳಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಪಾಯದೊಳಗೆ ಇಳಿದು, "ಇಲ್ಲಿ ಕಿಡಕಿ ಇಡ್ರಿ. ಸೂರು ಭಾಳ ಚಾಚಬ್ಯಾಡ್ರಿ, ಬಡಿಗ್ಯಾಗ ಗಟ್ಟಿ ಹೇಳ್ರಿ" ಎಂದು ಗೌಂಡಿಗಳನ್ನು ಓಡಾಡಿಸತೊಡಗಿದರು. ನಡುವೆ ನನ್ನ ಕಡೆ ತಿರುಗಿ, "ಹೌದಲ್ಲವಾ?" ಎಂದು ಕೇಳುವರು. "ಹೌದ್ರಿ" ಎನ್ನುವುದಷ್ಟೇ ನನ್ನ ಕೆಲಸವಾಗಿತ್ತು. ಆ ಮನೆಯ ಗೃಹಪ್ರವೇಶಕ್ಕೆ ಅತ್ತೆಯ ತಮ್ಮ ನಮ್ಮಿಬ್ಬರಿಗೂ ಒಂದೇ ಬಣ್ಣದ ಇಳಕಲ್ ಸೀರೆ ಉಡಿಸಿದರು.