ವಾರಗಿತ್ತಿಯರ ಅನೋವಾ

ಮೇಡಂ ಅವರ ಬಲಗೈ ಹೆಬ್ಬೆರಳು ಸವೆದು ನುಣ್ಣಗಾಗಿತ್ತು. ರೇಷ್ಮೆ ಮಗ್ಗದ ಮನೆಯಲ್ಲಿ ಹುಟ್ಟಿದವರು. ಯಾರನ್ನು ಮಾತಾಡಿಸಿದರೂ ಎದುರಿಗಿದ್ದವರ ಸೆರಗಿನ ತುದಿಯನ್ನು ಎರಡು ಬೆರಳ ನಡುವೆ ಉಜ್ಜುತ್ತಲೇ ಮಾತಾಡುವರು. ಮೊದಲ ದಿನ ನನ್ನ ದುಪಟ್ಟಾ ಉಜ್ಜಿ "ಪಾಲಿಯೆಸ್ಟರ್" ಎಂದು ತೀರ್ಪು ಕೊಟ್ಟು, ಆಮೇಲೆ ಹೆಸರು ಕೇಳಿದರು.

ಕೊಳ್ಳೇಗಾಲದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ನಾನು ಯಳಂದೂರಿನವಳು, ನರ್ಸಿಂಗ್ ಎಂ.ಎಸ್ಸಿ. ಓದುತ್ತಿದ್ದೆ. ಲೆಕ್ಕವೆಂದರೆ ನನಗೆ ಜ್ವರ. ಪ್ರಬಂಧಕ್ಕೆ ಅನೋವಾ ಎಂಬ, ಗುಂಪುಗಳನ್ನು ಹೋಲಿಸುವ ಲೆಕ್ಕ ಮಾಡಲೇಬೇಕೆಂದಾಗ ಅವರ ಮನೆ ಬಾಗಿಲು ತಟ್ಟಿದೆ. ಅವರು ಪುಸ್ತಕ ತೆಗೆಯಲಿಲ್ಲ. ಮೂರು ಮಗ್ಗದಲ್ಲಿ ನೇಯ್ದ ಸೀರೆಗಳನ್ನು ತಂದಿಟ್ಟು ನನ್ನ ಕೈಲಿ ತೂಗಿಸಿದರು.

"ನೋಡವ್ವ, ಒಂದೇ ಮಗ್ಗದ ಸೀರೆಗಳೂ ಒಂದೇ ತೂಕ ಬರಲ್ಲ. ಅದು ಇದ್ದದ್ದೇ. ಈ ಮಗ್ಗಕ್ಕೂ ಆ ಮಗ್ಗಕ್ಕೂ ಇರೋ ವ್ಯತ್ಯಾಸ, ಒಂದು ಮಗ್ಗದೊಳಗಿನ ವ್ಯತ್ಯಾಸಕ್ಕಿಂತ ಬಾಳ ದೊಡ್ದಾದ್ರೆ ಮಾತ್ರ ಮಗ್ಗದ ಮ್ಯಾಲೆ ಮಾತಾಡು. ಅನೋವಾ ಅಂದ್ರೆ ಅಷ್ಟೇ ಕಣವ್ವ."

ವರ್ಷವಿಡೀ ತಲೆಗೆ ಹತ್ತದ್ದು ಅರ್ಧ ಗಂಟೆಯಲ್ಲಿ ಹತ್ತಿತು.

ಅಜ್ಜೀಪುರದಲ್ಲಿ ರಕ್ತಹೀನತೆಯಿದ್ದ ಹೆಂಗಸರ ಹೆಸರು ಬರೆದು, ಚೀಟಿ ಎತ್ತಿ, ಮೂರು ಗುಂಪು ಮಾಡಿದೆ. ಎಲ್ಲರಿಗೂ ಕಬ್ಬಿಣಾಂಶದ ಮಾತ್ರೆ; ಹುಳಿ ಜೊತೆಗಿದ್ದರೆ ಅದು ಮೈಗೆ ಹೆಚ್ಚು ಹತ್ತುತ್ತದೆಯೇ ಎಂದು ನೋಡಬೇಕಿತ್ತು. ಒಂದು ಗುಂಪು ಬರೀ ನೀರಿನಲ್ಲಿ ನುಂಗಬೇಕು, ಒಂದು ನಿಂಬೆ ಪಾನಕದಲ್ಲಿ, ಇನ್ನೊಂದು ನೆಲ್ಲಿಕಾಯಿ ಪುಡಿಯ ಜೊತೆ. ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷಿಸಿದರೆ ಗುಂಪುಗಳ ನಡುವೆ ಏನೇನೂ ವ್ಯತ್ಯಾಸವಿಲ್ಲ! ಪ್ರಬಂಧ ಒಪ್ಪಿಸಲು ಹತ್ತೇ ದಿನ ಉಳಿದಿತ್ತು. ತಪ್ಪಿದರೆ ಒಂದು ವರ್ಷ ಹಾಳು. ಮೇಡಂ ಮುಂದೆ ಕೂತು ಅತ್ತುಬಿಟ್ಟೆ.

ಅವರು ಕಂಪ್ಯೂಟರ್ ಕಡೆ ಕಣ್ಣೂ ಹಾಯಿಸಲಿಲ್ಲ. "ಊರಿಗೋಗಿ ಕೇಳ್ಕಂಡು ಬರಾನ, ನಡಿ" ಎಂದು ಚಪ್ಪಲಿ ಮೆಟ್ಟಿದರು.

ಅಜ್ಜೀಪುರದ ಜಗಲಿಯೊಂದರ ಮೇಲೆ ಕೂತು, ಪಾನಕದ ಗುಂಪಿನ ಸೊಸೆಯೊಬ್ಬಳ ಸೆರಗು ಉಜ್ಜುತ್ತಾ ಕೇಳಿದರು: "ಪಾನಕವ ದಿನಾ ಕುಡುದ್ಯೇನವ್ವ?"

"ಕುಡುದೆ ಕಣ್ರವ್ವ. ನಮ್ ವಾರ್ಗಿತ್ತಿಗೆ ಬರೀ ನೀರು ಬರ್ದಿದ್ರು ಈ ಸಿಸ್ಟ್ರು. ಒಂದೇ ಮನೇಲಿ ನಾನೊಬ್ಳೇ ಕುಡ್ಕಂಡು ಕೂತ್ಕಂಡ್ರೆ ಚೆಂದಾಗಿದ್ದದಾ? ಅವಳ್ಗೂ ಅರ್ಧ ಲೋಟ ಕೊಟ್ಟೆ."

ವಾರಗಿತ್ತಿ ಒಳಗಿನಿಂದಲೇ ಕೂಗಿದಳು: "ನಾನೇನು ಸುಮ್ಕಿದ್ನಾ? ನಮ್ಮತ್ತೆಗೆ ಕೊಟ್ಟಿದ್ ನೆಲ್ಲಿ ಪುಡಿ ತಕಂಡು ಬಂದು ಇವಳ್ಗೂ ಕೊಟ್ಟಿವ್ನಿ!"

ಮೇಡಂ ನಕ್ಕ ನಗೆಗೆ ಕನ್ನಡಕ ಜಾರಿ ಮಡಿಲಿಗೆ ಬಿತ್ತು. ನನಗೆ ಮಾತ್ರ ಭೂಮಿ ಬಾಯ್ಬಿಡಬಾರದೇ ಅನ್ನಿಸಿತ್ತು.

ಬಸ್ಸಿನಲ್ಲಿ ಮೆಲ್ಲಗೆ ಹೇಳಿದೆ: "ಹಂಚಿಕೊಂಡ ಮನೆಗಳ ಹೆಸರು ತೆಗೆದುಬಿಡ್ತೀನಿ ಮೇಡಂ. ಯಾರಿಗೂ ಗೊತ್ತಾಗಲ್ಲ."

ಅವರ ನಗು ನಿಂತಿತು. "ನಿಂಗೆ ಬ್ಯಾಡ ಅನ್ನಿಸಿದ ಎಳೆಯೆಲ್ಲ ಕಿತ್ತಾಕುದ್ರೆ ಸೀರೆ ಉಳಿತದಾ? ಆ ಹೆಣ್ಮಕ್ಳು ಸರಿಯಾಗೇ ಮಾಡವ್ರೆ. ತಪ್ಪು ನಿಂದು. ಮನೆ ಹೆಸರಿಗೆ ಚೀಟಿ ಎತ್ತೋದು ಬುಟ್ಟು ಹೆಂಗಸರ ಹೆಸರಿಗೆ ಎತ್ತಿದ್ದೀಯ. ಒಂದು ಮನೆಯೋರೆಲ್ಲ ಒಂದೇ ಗುಂಪಲ್ಲಿದ್ದಿದ್ರೆ ಹಂಚ್ಕಂಡ್ರೂ ಕೆಡ್ತಿರಲಿಲ್ಲ. ಅದನ್ನೇ ಬರಿ."

ಹನೂರು ದಾಟುವವರೆಗೂ ನನ್ನ ಸಿಟ್ಟು ಇಳಿಯಲಿಲ್ಲ. ಮನೆಗೆ ಬಂದು ಮಾತ್ರ ಹಾಗೆಯೇ ಬರೆದೆ, ಪಾನಕ, ಅರ್ಧ ಲೋಟ, ಪುಡಿ ಎಲ್ಲ ಸೇರಿಸಿ.

ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಕೋಷ್ಟಕಗಳನ್ನೆಲ್ಲ ದಾಟಿ ಆ ಪುಟವನ್ನೇ ಎರಡು ಸಲ ಓದಿದರು. "ಮುಂದಿನ ಸಲ ಏನು ಮಾಡ್ತೀರಿ?" ಎಂದರು.

"ಮನೆಗೊಂದು ಚೀಟಿ, ಸರ್."

ಪಾಸಾದೆ. ಮೇಡಂಗೆ ಫೋನ್ ಮಾಡಿದರೆ, "ಆ ವಾರ್ಗಿತ್ತೀರ್ಗೆ ಸ್ವೀಟ್ ಕೊಡು, ಇಬ್ರೂ ಹಂಚ್ಕತಾರೆ" ಎಂದರು.

ಹೋದ ವರ್ಷ ಅವರು ತೀರಿಕೊಂಡರು. ಈಗ ಲೊಕ್ಕನಹಳ್ಳಿ, ಕೌದಳ್ಳಿ ಕಡೆ ಆರೋಗ್ಯ ಕಾರ್ಯಕರ್ತೆಯರಿಗೆ ನಾನೇ ಅಧ್ಯಯನ ಮಾಡುವುದನ್ನು ಕಲಿಸುತ್ತೇನೆ. ಡಬ್ಬಿಗೆ ಚೀಟಿ ಹಾಕುವ ಮೊದಲು, "ಇವರಲ್ಲಿ ವಾರಗಿತ್ತಿಯರು ಯಾರ್ಯಾರು?" ಎಂದು ಕೇಳುತ್ತೇನೆ. ಎಲ್ಲರೂ ನಗುತ್ತಾರೆ. ಅಷ್ಟು ಹೊತ್ತಿಗೆ ನನ್ನ ಎರಡು ಬೆರಳು, ನನಗೇ ತಿಳಿಯದ ಹಾಗೆ, ಎದುರಿಗಿದ್ದವಳ ಸೆರಗು ಹಿಡಿದು ಉಜ್ಜುತ್ತಿರುತ್ತವೆ.